ವರ್ಚುವಲ್ ಮಷೀನ್ ಸ್ಥಳಾಂತರ: ಕಾಪಿ ಮಾಡುವ ಮೊದಲು ಇಷ್ಟು ನೋಡಿಕೊಳ್ಳಿ

ವರ್ಚುವಲ್ ಮಷೀನ್ (ವಿಎಂ), ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಓಡಿಸುವ ಇನ್ನೊಂದು ಕಂಪ್ಯೂಟರ್, ಕೆಲವು ಫೈಲುಗಳಷ್ಟೇ. ಅದರ ಹಾರ್ಡ್ ಡಿಸ್ಕ್ ಒಂದು ದೊಡ್ಡ ಫೈಲು, ಓಡಿಸುವ ಸಾಫ್ಟ್‌ವೇರ್‌ಗೆ ತಕ್ಕಂತೆ ಅದರ ಬಗೆ ಬೇರೆ: ವರ್ಚುವಲ್‌ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ವಿಡಿಐ, ವಿಎಂವೇರ್‌ನಲ್ಲಿ ವಿಎಂಡಿಕೆ, ಹೈಪರ್-ವಿಯಲ್ಲಿ ವಿಎಚ್‌ಡಿಎಕ್ಸ್. ರ್‍ಯಾಮ್ ಎಷ್ಟು, ನೆಟ್‌ವರ್ಕ್ ಯಾವುದು ಎಂಬ ವಿವರ ಪಕ್ಕದ ಸಣ್ಣ ಫೈಲಿನಲ್ಲಿರುತ್ತದೆ. ಹಾಗಾಗಿ ಹೊಸ ಕಂಪ್ಯೂಟರಿಗೆ ಕಾಪಿ ಮಾಡುವುದು ಸುಲಭ. ಎಡವಟ್ಟಾಗುವುದು ಅದಕ್ಕೆ ಮುಂಚೆ.

ಮೊದಲು ಹೊಸ ಕಂಪ್ಯೂಟರಿನ ಪ್ರೊಸೆಸರ್ ಯಾವುದೆಂದು ನೋಡಿ. ಇಂಟೆಲ್‌ನಿಂದ ಎಎಂಡಿಗೆ ಹೋಗುವುದಾದರೆ, ಸರಿಯಾಗಿ ಆಫ್ ಮಾಡಿದ ವಿಎಂ ಸಾಮಾನ್ಯವಾಗಿ ತಕರಾರಿಲ್ಲದೆ ಏಳುತ್ತದೆ. ಆ್ಯಪಲ್‌ನ ಎಂ ಸರಣಿಯ ಮ್ಯಾಕ್ ಕೊಂಡಿದ್ದರೆ ಕತೆ ಬೇರೆ. ಅದರಲ್ಲಿರುವುದು ಎಆರ್‌ಎಂ ಚಿಪ್, ಇಂಟೆಲ್, ಎಎಂಡಿಗಳಿಗಿಂತ ಬೇರೆ ಜಾತಿಯದು. ಇಂಟೆಲ್‌ಗಾಗಿ ಮಾಡಿದ ವಿಎಂ ಅಲ್ಲಿ ಎಮ್ಯುಲೇಷನ್ (ಬೇರೆ ಜಾತಿಯ ಪ್ರೊಸೆಸರನ್ನು ಸಾಫ್ಟ್‌ವೇರ್‌ನಿಂದ ಅನುಕರಿಸುವುದು) ಮೂಲಕವೇ ಓಡಬೇಕು, ಅದೂ ತೆವಳುತ್ತಾ. ಅಂಥ ಕಡೆ ಹೊಸದಾಗಿ ಇನ್‌ಸ್ಟಾಲ್ ಮಾಡಿ, ದಾಖಲೆಗಳನ್ನಷ್ಟೇ ತರುವುದು ಜಾಣತನ.

ಇನ್ನು ಆಫ್ ಮಾಡುವ ವಿಷಯ. ವಿಎಂನ ಕಿಟಕಿ ಮುಚ್ಚುವಾಗ ‘ಸೇವ್ ಸ್ಟೇಟ್’ ಅಥವಾ ‘ಸಸ್ಪೆಂಡ್’ ಒತ್ತಿದ್ದರೆ ವಿಎಂ ಆಫ್ ಆಗಿಲ್ಲ. ಆ ಕ್ಷಣದ ಮೆಮೊರಿ, ಪ್ರೊಸೆಸರ್ ಸ್ಥಿತಿ ಎಲ್ಲವೂ ಹಾಗೇ ಉಳಿದಿರುತ್ತದೆ, ಬೇರೆ ಪ್ರೊಸೆಸರ್‌ನಲ್ಲಿ ಅದು ಎಚ್ಚರಗೊಳ್ಳದೇ ಇರಬಹುದು. ಆದ್ದರಿಂದ ಪ್ರತಿಯೊಂದನ್ನೂ ತೆರೆದು, ಒಳಗಿನಿಂದಲೇ ಶಟ್‌ಡೌನ್ ಮಾಡಿ. ಒಳಗಿರುವುದು ವಿಂಡೋಸ್ ಆದರೆ ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕೊಡಿ. ಇಲ್ಲದಿದ್ದರೆ ‘ಫಾಸ್ಟ್ ಸ್ಟಾರ್ಟಪ್’ ಅರೆನಿದ್ದೆಯಲ್ಲೇ ಬಿಟ್ಟಿರಬಹುದು. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಸ್ನ್ಯಾಪ್‌ಶಾಟ್‌ಗಳೂ (ಮುಂದೆ ಹಿಂತಿರುಗಲೆಂದು ಉಳಿಸಿಟ್ಟ ವಿಎಂನ ಒಂದು ಕ್ಷಣದ ಸ್ಥಿತಿ) ಕಾಡುತ್ತವೆ. ಸ್ನ್ಯಾಪ್‌ಶಾಟ್ ತೆಗೆದ ನಂತರದ ಬದಲಾವಣೆ ಬೇರೊಂದು ಫೈಲಿನಲ್ಲಿ ಕೂತಿರುತ್ತದೆ. ಮೂಲ ಡಿಸ್ಕ್ ಫೈಲನ್ನಷ್ಟೇ ಒಯ್ದರೆ ಹಳೆಯ ಸ್ಥಿತಿ ಮಾತ್ರ ಸಿಗುತ್ತದೆ. ಬೇಡದ ಸ್ನ್ಯಾಪ್‌ಶಾಟ್‌ಗಳನ್ನು ವಿಎಂ ಸಾಫ್ಟ್‌ವೇರ್‌ನಿಂದಲೇ ಅಳಿಸಿ. ಅಳಿಸಿದಾಗ ಬದಲಾವಣೆಗಳು ಮೂಲಕ್ಕೆ ಸೇರಿಕೊಳ್ಳುತ್ತವೆ, ಅದಕ್ಕೆ ಡಿಸ್ಕಿನಲ್ಲಿ ಖಾಲಿ ಜಾಗ ಬೇಕು.

ಈಗ ಕಾಪಿ. ಒವಿಎ (ಇಡೀ ವಿಎಂ ಅನ್ನು ಒಂದೇ ಫೈಲಿಗೆ ಕಟ್ಟುವ ರೂಪ) ಆಗಿ ಎಕ್ಸ್‌ಪೋರ್ಟ್ ಮಾಡಬಹುದು, ಆದರೆ ಅದರಲ್ಲಿ ಸ್ನ್ಯಾಪ್‌ಶಾಟ್‌ಗಳು ಬರುವುದಿಲ್ಲ. ಎರಡೂ ಕಡೆ ಒಂದೇ ಸಾಫ್ಟ್‌ವೇರ್ ಇದ್ದರೆ ಇಡೀ ಫೋಲ್ಡರನ್ನೇ ಎತ್ತಿಕೊಂಡು ಹೋಗುವುದು ನನಗೆ ಮೇಲು ಅನಿಸುತ್ತದೆ. ಪೆನ್ ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸದು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ (ಅದರಲ್ಲಿದ್ದದ್ದೆಲ್ಲ ಹೋಗುತ್ತದೆ, ನೆನಪಿರಲಿ). ಕಾಪಿಯಾದ ಮೇಲೆ ಎರಡೂ ಕಡೆ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ ನೋಡಿ.

ಹೊಸ ಕಂಪ್ಯೂಟರಿನ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ವಿಟಿ-ಎಕ್ಸ್ (ಇಂಟೆಲ್) ಅಥವಾ ಎಸ್‌ವಿಎಂ (ಎಎಂಡಿ), ಅಂದರೆ ವಿಎಂ ಓಡಿಸಲು ಪ್ರೊಸೆಸರ್ ಕೊಡುವ ನೆರವು, ಆನ್ ಆಗಿರಬೇಕು. ವರ್ಚುವಲ್‌ಬಾಕ್ಸ್ ಆದರೆ ‘ಆ್ಯಡ್’ ಒತ್ತಿ ಫೋಲ್ಡರಿನಲ್ಲಿರುವ ಡಾಟ್ ವಿಬಾಕ್ಸ್ ಫೈಲನ್ನು ತೋರಿಸಿ. ವಿಎಂವೇರ್ ‘ಮೂವ್ ಮಾಡಿದಿರಾ, ಕಾಪಿ ಮಾಡಿದಿರಾ’ ಎಂದು ಕೇಳುತ್ತದೆ. ಹಳೆಯದನ್ನು ಇನ್ನು ಬಳಸುವುದಿಲ್ಲವಾದರೆ ‘ಮೂವ್’ ಎನ್ನಿ. ‘ಕಾಪಿ’ ಎಂದರೆ ಅದರ ಗುರುತಿನ ಸಂಖ್ಯೆ, ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) ಬದಲಾಗಿ, ರೌಟರ್‌ನಲ್ಲಿ ಕಾಯ್ದಿರಿಸಿದ ಐಪಿ ತಪ್ಪುತ್ತದೆ. ವಿಂಡೋಸ್ ಮತ್ತೆ ಆ್ಯಕ್ಟಿವೇಷನ್ ಕೇಳಬಹುದು. ‘ಮೂವ್’ ಎಂದ ಮೇಲೆ ಎರಡನ್ನೂ ಒಂದೇ ನೆಟ್‌ವರ್ಕಿನಲ್ಲಿ ಒಟ್ಟಿಗೆ ಓಡಿಸಬೇಡಿ.

ವಿಎಂ ಎದ್ದರೂ ಇಂಟರ್ನೆಟ್ ಬಾರದಿದ್ದರೆ ಗಾಬರಿ ಬೇಡ. ವಿಎಂ ಬ್ರಿಡ್ಜ್ ಆಗಿದ್ದದ್ದು (ನೆಟ್‌ವರ್ಕಿಗೆ ನೇರ ಕೊಂಡಿ) ಹಳೆಯ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಹೆಸರಿಗೆ. ಸೆಟ್ಟಿಂಗ್ಸ್‌ನಲ್ಲಿ ಹೊಸ ಕಾರ್ಡ್ ಆರಿಸಿ. ಶೇರ್ಡ್ ಫೋಲ್ಡರುಗಳ ದಾರಿಯನ್ನೂ ಅಲ್ಲೇ ತಿದ್ದಿಕೊಳ್ಳಿ. ಹಳೆಯ ಡಿಸ್ಕನ್ನು ಅಳಿಸುವ ಅವಸರ ಬೇಡ, ಹೊಸದರ ಬ್ಯಾಕಪ್ ಒಮ್ಮೆ ತೆಗೆದು ತೆರೆದು ನೋಡುವವರೆಗಾದರೂ ಇರಲಿ.