ಹೆಸರು ಮುಚ್ಚಿ ತೀರ್ಪು: ಸ್ಟಾರ್‌ಗೂ ಬೆಂಚಿಗೂ ಒಂದೇ ರೂಲ್ ತಂದ ನನ್ನ ಅನುಭವ

ಸಂಬಳ ಕೊಟ್ಟು ಫುಟ್ಬಾಲ್ ಟೀಮ್ ನಡೆಸೋರಿಗೆ ಡಿಸಿಪ್ಲಿನ್ ಅನ್ನೋದು ಎಂಥ ತಲೆನೋವು ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ. ತಪ್ಪು ಮಾಡಿದವನ ಹೆಸರು ಮುಚ್ಚಿಟ್ಟು ಶಿಕ್ಷೆ ತೀರ್ಮಾನ ಮಾಡೋ ಪದ್ಧತಿ ತರ್ತೀನಿ ಅಂದಾಗ ಮೈಸೂರಿನ ಬೇರೆ ಟೀಮ್ ಮ್ಯಾನೇಜರ್‌ಗಳು ಓವಲ್ ಮೈದಾನದ ಹತ್ರ ಟೀ ಕುಡೀತಾ ನನ್ನ ಮುಖಕ್ಕೇ ನಕ್ಕಿದ್ರು, "ಸೆಮಿಫೈನಲ್ ದಿನ ಸ್ಟ್ರೈಕರ್‌ನ ಕೂರುಸ್ತೀಯಾ ಗುರು? ಕೂರ್ಸು ನೋಡಣ" ಅಂತ. ಕೂರ್ಸಿದೆ. ಈಗ ಅದೇ ಜನ ಫೈನ್ ರಿಜಿಸ್ಟರ್ ಫೋಟೋ ಕಳ್ಸಿ ಅಂತ ಫೋನ್ ಮಾಡ್ತಾರೆ, ಒಬ್ಬೊಬ್ರಿಗೂ ಹೇಳಿ ಗಂಟಲು ಒಣಗಿದ್ದಕ್ಕೆ ಒಟ್ಟಿಗೆ ಬರ್ದು ಹಾಕ್ತಿದೀನಿ.

ನಮ್ಮಲ್ಲಿ ಸುಮಾರು 22 ಜನ ಹುಡುಗ್ರು. ಕೆ.ಆರ್. ಪೇಟೆ, ಪಾಂಡವಪುರ ಕಡೆಯ ಹೈಕ್ಳಿಗೆ ತಿಂಗಳಿಗೆ ಆರು ಸಾವಿರದ ಆಸುಪಾಸು, ಬೆಂಗಳೂರು ಆಸ್ಟಿನ್ ಟೌನ್ ಕಡೆಯಿಂದ ಬಂದೋರಿಗೆ ಹದಿನೈದು, ಸ್ಟ್ರೈಕರ್‌ಗೆ ಇಪ್ಪತ್ತೈದು ಪ್ಲಸ್ ಗೋಲ್ ಬೋನಸ್ಸು. ಎಡಗಡೆ ಡಿಫೆನ್ಸ್ ಆಡೋ ಲೆಫ್ಟ್ ಬ್ಯಾಕ್ ಹುಡುಗ ಬಸ್ ತಪ್ಪಿ ಹತ್ತು ನಿಮಿಷ ಲೇಟಾಗಿ ಬಂದ್ರೆ ಆ ವಾರ ಬೆಂಚು. ಸ್ಟ್ರೈಕರ್ ಪ್ರಾಕ್ಟೀಸಿಗೇ ಬರ್ಲಿಲ್ಲ ಅಂದ್ರೆ "ಟ್ರಾವೆಲ್ ಮಾಡಿ ಸುಸ್ತಾಗವ್ನೆ ಬುಡಿ ಸಾ" ಅಂತ ಕೋಚೇ ಪರವಾಗಿ ಮಾತಾಡೋದು. ಹುಡುಗ್ರು ಬಾಯಿಬಿಟ್ಟು ಏನೂ ಹೇಳಲ್ಲ, ಎರಡನೇ ಹಾಫಲ್ಲಿ ಆ ಸ್ಟ್ರೈಕರ್‌ಗೆ ಪಾಸ್ ಕೊಡೋದನ್ನೇ ನಿಲ್ಲಿಸ್ತಾರೆ ಅಷ್ಟೆ, ಅದನ್ನ ನೋಡಿದ್ಮೇಲೇ ನನಗೆ ಇದು ನೀತಿ ಪ್ರಶ್ನೆ ಅಲ್ಲ, ರಿಸಲ್ಟಿನ ಪ್ರಶ್ನೆ ಅಂತ ತಲೆಗೆ ಹೋಗಿದ್ದು.

ಮೊದ್ಲು ಎಲ್ಲರ ಥರ ನಾವೂ ಗೋಡೆಗೆ ಚಾರ್ಟ್ ಅಂಟಿಸಿದ್ವಿ. 2019ರಲ್ಲಿ ಲ್ಯಾಂಪಾರ್ಡ್ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೆ ಕೋಚ್ ಆಗಿದ್ದಾಗ ಫೈನ್ ಲಿಸ್ಟ್ ಲೀಕಾಗಿತ್ತಲ್ಲ, ಟ್ರೇನಿಂಗಿಗೆ ಲೇಟಾದ್ರೆ 20,000 ಪೌಂಡು, ಊಟದ ಹೊತ್ತಲ್ಲಿ ಫೋನ್ ಹೊಡ್ಕೊಂಡ್ರೆ 1,000 ಪೌಂಡು, ಅದನ್ನ ನೋಡಿ ಖುಷಿಯಾಗಿ ಲೇಟಿಗೆ 200 ರೂಪಾಯಿ, ಫೋನಿಗೆ 50 ಅಂತ ಬರ್ದ್ವಿ. ಎಲ್ಲರಿಗೂ ಒಂದೇ ಮೊತ್ತ, ಆದ್ರಿಂದ ನ್ಯಾಯ ಅಂತ ಕಮಿಟಿಯೋರ ವಾದ. ಸ್ಟ್ರೈಕರ್ 500ರ ನೋಟು ಕೊಟ್ಟು "ಚೇಂಜ್ ಇಟ್ಕೊಳ್ಳಿ ಅಣ್ಣ, ನಾಳೆನೂ ಲೇಟಾಗ್ತೀನಿ" ಅಂದ. ಆರು ಸಾವಿರದ ಹುಡುಗನಿಗೆ ಅದೇ 200 ಅಂದ್ರೆ ಒಂದು ದಿನದ ಸಂಬಳ. ಚಾರ್ಟು ಒಂದು ತಿಂಗಳು ಇತ್ತೋ ಇಲ್ವೋ, ಹರ್ದು ಹಾಕ್ದೆ.

ನಾನು ಫುಟ್ಬಾಲಿಗೆ ಬರೋಕ್ ಮುಂಚೆ ಇಪ್ಪತ್ತು ವರ್ಷಕ್ಕೂ ಮೇಲೆ ಫ್ಯಾಕ್ಟರಿ ಟೈಮ್ ಆಫೀಸಲ್ಲಿ ಕೂತಿದ್ದೋನು. ಅಲ್ಲಿ 1936ರ ವೇತನ ಪಾವತಿ ಕಾಯ್ದೆ ಅಂತ ಒಂದಿತ್ತು, ಫೈನು ಆ ಅವಧಿಯ ಸಂಬಳದಲ್ಲಿ ನೂರಕ್ಕೆ 3 ದಾಟಂಗಿಲ್ಲ, ಹಾಕೋಕ್ ಮುಂಚೆ ಅವನ ಮಾತು ಕೇಳ್ಬೇಕು, ರಿಜಿಸ್ಟರಲ್ಲಿ ಬರೀಬೇಕು, ಬಂದ ದುಡ್ಡನ್ನ ಕೆಲಸಗಾರರ ಒಳ್ಳೇದಕ್ಕೇ ಖರ್ಚು ಮಾಡ್ಬೇಕು. ಇಂಗ್ಲೆಂಡ್ ಫುಟ್ಬಾಲಲ್ಲಿ ಒಂದು ತಪ್ಪಿಗೆ ಎರಡು ವಾರದ ಸಂಬಳದವರೆಗೂ ಫೈನ್ ಹಾಕ್ತಾರೆ, ಅದಕ್ಕೆ ಹೋಲಿಸಿದ್ರೆ ನಮ್ಮ ಕಾಯ್ದೆ ಎಷ್ಟೋ ಮೆತ್ತಗೆ. ನಾನು ಅದನ್ನೇ ಎತ್ಕೊಂಡೆ. 25 ಸಾವಿರದವನಿಗೆ ಗರಿಷ್ಠ 750, ಆರು ಸಾವಿರದವನಿಗೆ 180. ಸ್ಟ್ರೈಕರ್ ಮೊದಲ ಸಲ ಮುಖ ಸಿಂಡರಿಸಿದ, "ಅವ್ನಿಗ್ ಕಮ್ಮಿ ನನಗ್ ಜಾಸ್ತಿ, ಇದ್ಯಾವ ನ್ಯಾಯ ಸಾ" ಅಂತ. ಗೋಲ್ ಬೋನಸ್ ತಗೋವಾಗ ಈ ಪ್ರಶ್ನೆ ಯಾಕ್ ಬರ್ಲಿಲ್ಲಪ್ಪ ಅಂದೆ.

ಫೈನಿನ ದುಡ್ಡಲ್ಲಿ ಒಂದು ಪ್ರಯೋಗ ಕೆಟ್ಟೋಯ್ತು, ಅದನ್ನೂ ಹೇಳ್ಬುಡ್ತೀನಿ. ಸೀಸನ್ ಕೊನೇಲಿ ಆ ದುಡ್ಡಲ್ಲಿ ಬಿರಿಯಾನಿ ಅಂತ ಅನೌನ್ಸ್ ಮಾಡಿದ್ವಿ. ಲೇಟಾಗಿ ಬಂದವನಿಗೆ ಚಪ್ಪಾಳೆ ಬೀಳೋಕೆ ಶುರುವಾಯ್ತು, "ಇನ್ನೊಂದ್ ಲೆಗ್ ಪೀಸ್ ಬಂತು ಕಣ್ರಲಾ" ಅಂತ. ಆಮೇಲಿಂದ ಆ ದುಡ್ಡು ಟೇಪು, ಐಸು, ಸ್ಪ್ರೇ, ಯಾರಾದ್ರೂ ಮಂಡಿ ಸ್ಕ್ಯಾನ್ ಮಾಡ್ಸಿದ್ರೆ ಅದಕ್ಕೆ ಮಾತ್ರ. ವರ್ಷಕ್ಕೆ ಎಂಟೊಂಬತ್ತು ಸಾವಿರ ಆಗುತ್ತೆ, ಒಂದು ಸ್ಕ್ಯಾನಿಗೇ ಸರಿಹೋಗುತ್ತೆ.

ದುಡ್ಡಿನ ಸಮಸ್ಯೆ ಹಿಂಗೆ ತೀರ್ತು, ಆದ್ರೆ ಅಸಲಿ ಪಕ್ಷಪಾತ ಇರೋದು ಮ್ಯಾಚ್ ಬ್ಯಾನಲ್ಲಿ. ಎಲ್ಲಾ ಲೆವೆಲಲ್ಲೂ ಅಷ್ಟೆ. 2025ರ ನವೆಂಬರಲ್ಲಿ ರೊನಾಲ್ಡೊ ಐರ್ಲೆಂಡ್ ಮೇಲೆ ಮೊಣಕೈ ಬೀಸಿ ರೆಡ್ ಕಾರ್ಡ್ ತಗೊಂಡ, ಫಿಫಾ ಮೂರು ಮ್ಯಾಚ್ ಬ್ಯಾನ್ ಅಂತು, ಅದ್ರಲ್ಲಿ ಎರಡು ಮ್ಯಾಚ್ ಒಂದು ವರ್ಷದೊಳಗೆ ಮತ್ತೆ ಅಂಥದ್ದೇ ತಪ್ಪು ಮಾಡಿದ್ರೆ ಮಾತ್ರ ಅಂತ ತಡೆಹಿಡೀತು, ವರ್ಲ್ಡ್ ಕಪ್ ಮೊದಲ ಮ್ಯಾಚಿಗೇ ಅವನು ರೆಡಿ. ನಮ್ಮ ದೇಶದಲ್ಲೂ ಹಂಗೇ, 2012ರ ಡಿಸೆಂಬರಲ್ಲಿ ಮೋಹನ್ ಬಗಾನ್ ಟೀಮು ಈಸ್ಟ್ ಬೆಂಗಾಲ್ ಮೇಲಿನ ಕೋಲ್ಕತ್ತಾ ಡರ್ಬಿಯಲ್ಲಿ ಸೆಕೆಂಡ್ ಹಾಫಿಗೆ ಇಳೀಲಿಲ್ಲ, ಆಗಿನ ದೊಡ್ಡ ಲೀಗಾದ ಐ-ಲೀಗಿಂದ ಎರಡು ವರ್ಷಕ್ಕೂ ಮೇಲೆ ಔಟ್ ಅಂದ್ರು, ಕೆಲವೇ ವಾರದಲ್ಲಿ 2 ಕೋಟಿ ಫೈನ್ ಹಾಕಿ ವಾಪಸ್ ಸೇರಿಸ್ಕೊಂಡ್ರು. 2023ರ ಮಾರ್ಚಲ್ಲಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ಛೆಟ್ರಿ ಫ್ರೀಕಿಕ್ ಗಲಾಟೆ ನೆನಪಿದೆಯಲ್ಲ, ಎದುರಾಳಿ ಕೇರಳ ಬ್ಲಾಸ್ಟರ್ಸ್ ಆಟದ ಮಧ್ಯೆನೇ ಮೈದಾನ ಬಿಟ್ಟು ಎದ್ದೋದ್ರು, ಕ್ಲಬ್ಬಿಗೆ 4 ಕೋಟಿ, ಕೋಚಿಗೆ ಹತ್ತು ಮ್ಯಾಚ್ ಬ್ಯಾನ್ ಪ್ಲಸ್ 5 ಲಕ್ಷ. ಒಂದ್ರಲ್ಲಿ ಕಡಿಮೆ ಆಯ್ತು ಇನ್ನೊಂದ್ರಲ್ಲಿ ಜಾಸ್ತಿ ಆಯ್ತು ಅಂತ ನಾನು ಹೇಳ್ತಿಲ್ಲ. ಶಿಕ್ಷೆ ಏನು ಅನ್ನೋದು ತಪ್ಪು ನಡೆಯೋಕ್ ಮುಂಚೆನೇ ಎಲ್ಲರಿಗೂ ಗೊತ್ತಿದ್ರೆ ಜನ ಹೋಲಿಸ್ಕೊಂಡು ಕೂರಲ್ಲ, ಅಷ್ಟೇ ನನ್ನ ಪಾಯಿಂಟು.

ಈಗಿನ ಪದ್ಧತಿಗೆ ಮುಂಚೆ ಶಿಕ್ಷೆ ತೀರ್ಮಾನನ ಪ್ಲೇಯರ್ಸ್ ಕೈಗೇ ಕೊಟ್ಟು ನೋಡಿದ್ವಿ, ವೋಟ್ ಹಾಕಿ ನೀವೇ ತೀರ್ಮಾನ ಮಾಡಿ ಅಂತ. ಅದು ಪಂಚಾಯ್ತಿ ಎಲೆಕ್ಷನ್ ಆಯ್ತು. ಒಂದೇ ರೂಮಲ್ಲಿ ಇರೋರು ಒಂದೇ ಕಡೆ, ಬೆಂಗಳೂರೋರು ಒಂದು ಗುಂಪು, ಮಂಡ್ಯದೋರು ಒಂದು ಗುಂಪು, ಕೇರಳದ ಇಬ್ಬರು ಹುಡುಗ್ರು ಯಾವಾಗ್ಲೂ ಸೋಲೋದು. ಎರಡೇ ಮೀಟಿಂಗಿಗೆ ಮುಗಿಸ್ದೆ.

ಈಗ ನಡೀತಿರೋ ಪದ್ಧತಿ ಹಿಂಗೆ. ಏನಾದ್ರೂ ನಡೆದ ರಾತ್ರಿನೇ ನಮ್ಮ ಕಿಟ್ ನೋಡ್ಕೊಳ್ಳೋ ಹುಡುಗ ಒಂದು ಚೀಟಿ ಬರೀತಾನೆ. ಅದ್ರಲ್ಲಿ ಹೆಸರಿಲ್ಲ, ಜೆರ್ಸಿ ನಂಬರಿಲ್ಲ, ಪೊಸಿಷನ್ನಿಲ್ಲ, ಯಾವ ಭಾಷೇಲಿ ಬೈದ ಅಂತಾನೂ ಇಲ್ಲ, ಯಾಕಂದ್ರೆ ಮಲಯಾಳದಲ್ಲಿ ಬೈದ ಅಂತ ಬರೆದ್ರೆ ನಮ್ಮಲ್ಲಿ ಇಬ್ಬರೇ ಇರೋದು. ಏನಾಯ್ತು, ಎಷ್ಟು ಸಲ, ಯಾರಿಗೆ ಪೆಟ್ಟಾಯ್ತು, ಅವನು ಏನು ಸಮಜಾಯಿಷಿ ಕೊಟ್ಟ, ಇಷ್ಟೇ. ಆ "ಎಷ್ಟು ಸಲ" ಅನ್ನೋದು ಮುಖ್ಯ ಸ್ವಾಮಿ. ಇಂಗ್ಲೆಂಡ್ ಲೀಗಲ್ಲಿ ಜನಾಂಗೀಯ ಬೈಗುಳದ ಕೇಸಲ್ಲಿ ಉರುಗ್ವೆಯ ಸುವಾರೆಜ್‌ಗೆ 8 ಮ್ಯಾಚ್ 40,000 ಪೌಂಡು, ಮಾರನೇ ವರ್ಷ ಜಾನ್ ಟೆರಿಗೆ 4 ಮ್ಯಾಚ್ 2,20,000 ಪೌಂಡು ಅಂದಾಗ ಇಂಗ್ಲೆಂಡ್ ಕ್ಯಾಪ್ಟನ್ ಆಗಿದ್ದೋನಿಗೆ ಒಂದು ವಿದೇಶಿಗೆ ಇನ್ನೊಂದು ಅಂತ ಕೂಗಾಡಿದ್ರು. ಸುವಾರೆಜ್ ಕೇಸಲ್ಲಿ ಆ ಮಾತು ಮತ್ತೆ ಮತ್ತೆ ಬಂದಿತ್ತು ಅಂತ ವಿಚಾರಣೆ ಮಾಡಿದ ಕಮಿಷನ್ ಬರೆದಿಟ್ಟಿತ್ತು. ಬರೆದಿಟ್ಟಿದ್ರಿಂದ ವಾದ ಮಾಡೋಕಾದ್ರೂ ಒಂದು ದಾರಿ ಇತ್ತು.

ಚೀಟಿಗಳು ಹಾರ್ಲಿಕ್ಸ್ ಡಬ್ಬಕ್ಕೆ ಹೋಗುತ್ತೆ. ತಿಂಗಳಿಗೊಂದ್ಸಲ ಮೂರು ಜನ ಕೂತು ತೆಗೀತಾರೆ, ಒಬ್ಬರು ರಿಟೈರಾದ ಪಿಟಿ ಮೇಷ್ಟ್ರು, ಒಬ್ಬರು ಹಳೇ ರೆಫ್ರಿ, ಮೂರನೆಯವರು ಯಾರು ಅಂತ ಟೀಮಿಗೇ ಗೊತ್ತಿಲ್ಲ, ಇಲ್ಲೂ ಹೇಳಲ್ಲ. ಊರು ಚಿಕ್ಕದು, ಚೀಟಿ ಓದ್ತಿದ್ದಂಗೆ ಇದು ಇಂಥವನೇ ಅಂತ ಗೊತ್ತಾಗಲ್ವಾ ಅಂತ ಎಲ್ಲರೂ ಕೇಳಿದ್ರು. ಗೊತ್ತಾಗ್ತಿತ್ತು. ಅದಕ್ಕೇ ಈಗ ಡಬ್ಬದಲ್ಲಿ ನಿಜವಾದ ಚೀಟಿ ಎಷ್ಟಿರುತ್ತೋ ಹೆಚ್ಚುಕಡಿಮೆ ಅಷ್ಟೇ ಡಮ್ಮಿ ಚೀಟಿನೂ ಇರುತ್ತೆ. ಡಮ್ಮಿನ ಎಲ್ಲಿಂದ ತರ್ತೀನಿ, ಮೇಷ್ಟ್ರ ಕಣ್ಣಿಗೂ ಸಿಕ್ಕದಂಗೆ ಹೆಂಗ್ ಬರೀತೀನಿ ಅನ್ನೋದು ನನ್ನ ಹತ್ರನೇ ಇರ್ಲಿ, ಅದು ತಯಾರಾಗೋಕೆ ಒಂದು ಸೀಸನ್ನೇ ಹಿಡೀತು. ತೀರ್ಪು ಬರೆದು ಸೈನ್ ಆದ್ಮೇಲೇ ನಾನು ಚೀಟಿಗೆ ಹೆಸರು ಸೇರ್ಸೋದು. ಬ್ಯಾನ್ ಆದ್ರೆ ಮುಂದಿನ ಮ್ಯಾಚಿಂದಲೇ, ಅದು ಫ್ರೆಂಡ್ಲಿ ಆದ್ರೂ ಸರಿ ಫೈನಲ್ ಆದ್ರೂ ಸರಿ, "ಕಪ್ ಮುಗೀಲಿ ಆಮೇಲೆ ನೋಡಣ" ಅನ್ನೋ ಮಾತೇ ಇಲ್ಲ. ನೂರು ಜನ ನೋಡಿರೋ ರೆಡ್ ಕಾರ್ಡನ್ನ ಹೆಂಗೂ ಮುಚ್ಚೋಕಾಗಲ್ಲ, ಅಂಥವಕ್ಕೆ ಯಾವ ತಪ್ಪಿಗೆ ಎಷ್ಟು ಶಿಕ್ಷೆ ಅಂತ ಸೀಸನ್ ಶುರುವಲ್ಲೇ ರೇಟ್ ಕಾರ್ಡು, ಎಲ್ಲರದೂ ಸೈನು.

ಪ್ರಾಕ್ಟೀಸ್ ಮ್ಯಾಚಲ್ಲಿ ಸಿನ್ ಬಿನ್ನೂ ಹಾಕಿ ನೋಡ್ದೆ. ಬಾಯಿ ಮಾಡಿದ್ರೆ ಹತ್ತು ನಿಮಿಷ ಹೊರಗೆ. ಸಣ್ಣ ಲೆವೆಲ್ ಫುಟ್ಬಾಲಲ್ಲಿ ಇದಕ್ಕೆ 2017ರಿಂದಲೇ ರೂಲಲ್ಲಿ ಅವಕಾಶ ಇದೆ, ಇಂಗ್ಲೆಂಡಲ್ಲಿ 2019ರಿಂದ ನಡೀತಿದೆ. ಹುಡುಗ್ರಿಗೆ ಫೈನಿಗಿಂತ ಇದೇ ಜಾಸ್ತಿ ಉರೀತು. ಆದ್ರೆ ಹತ್ತು ನಿಮಿಷ ನಿಂತು ಮೈ ತಣ್ಣಗಾಗಿ ವಾಪಸ್ ಓಡಿದ ಒಬ್ಬನಿಗೆ ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಹಿಡ್ಕೊಂಡು, ಈಗ ಲೈನ್ ಪಕ್ಕ ಜಾಗಿಂಗ್ ಮಾಡ್ತಾ ಇರ್ಬೇಕು ಅಂತ ಸೇರ್ಸಿದೀನಿ.

ಇನ್ನು ಆ ಸೆಮಿಫೈನಲ್. ಮಂಡ್ಯದ ಸರ್ ಎಂ.ವಿ. ಸ್ಟೇಡಿಯಂನಲ್ಲಿ ಮ್ಯಾಚು, ಮೂರು ದಿನ ಮುಂಚೆ ಡಬ್ಬ ತೆಗೆದ್ರು, ಸ್ವಂತ ಟೀಮಿನವನಿಗೇ ಕಪಾಳಕ್ಕೆ ಹೊಡೆದ ಚೀಟಿಗೆ ಎರಡು ಮ್ಯಾಚ್ ಬಿತ್ತು, ಹೆಸರು ಸೇರ್ಸಿದ್ರೆ ನಮ್ಮ ಇಪ್ಪತ್ತೈದು ಸಾವಿರದವನೇ. ಸ್ಪಾನ್ಸರ್ ರಾತ್ರಿ ಹನ್ನೊಂದಕ್ಕೆ ಫೋನು. ಅವರದು ಬಾರ್ ಅಂಡ್ ರೆಸ್ಟೋರೆಂಟು, ಎದೆ ಮೇಲೆ ಅವರ ಹೆಸರು ಹಾಕ್ಕೊಂಡು ಆಡೋ ಹುಡುಗ್ರಿಗೆ ಕುಡುದ್ರೆ ಫೈನು, ಇದೊಂದು ನಮ್ಮ ಸ್ವಂತ ಡಬಲ್ ಸ್ಟಾಂಡರ್ಡು, ಒಪ್ಕೊಂಡೆ. (ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ಬಲ್ಲೂ ಆಗ ಎದೆ ಮೇಲೆ ಬೆಟ್ಟಿಂಗ್ ಕಂಪ್ನಿ ಹೆಸರಿತ್ತು, ಬೆಟ್ ಕಟ್ಟಿದ್ದಕ್ಕೆ ಅವರ ಸ್ಟ್ರೈಕರ್ ಐವನ್ ಟೋನಿಗೆ 2023ರಲ್ಲಿ 8 ತಿಂಗಳು ಬ್ಯಾನು.) "ಅವ್ನು ಆಡ್ದೆ ಹೋದ್ರೆ ಬಾಕಿ ದುಡ್ಡು ಬರಲ್ಲ" ಅಂದ್ರು ಸ್ಪಾನ್ಸರ್. ಬರ್ಲಿಲ್ಲ. ಒಂದೂವರೆ ಲಕ್ಷದಲ್ಲಿ ಸುಮಾರು ಅರ್ಧ ಹೋಯ್ತು, ಮ್ಯಾಚೂ 2-1ಕ್ಕೆ ಸೋತ್ವಿ, ಕಮಿಟಿಯಲ್ಲಿ ಇಬ್ಬರು ನನ್ನ ಜೊತೆ ಮಾತು ಬಿಟ್ರು.

ಆಮೇಲೆ ಆಗಿದ್ದು ನೋಡಿ. ಮಾರನೇ ವಾರದಿಂದ ಪ್ರಾಕ್ಟೀಸಿಗೆ ಬರೋರು ಹನ್ನೆರಡರಿಂದ ಹದಿನೆಂಟು ಹತ್ತೊಂಬತ್ತಕ್ಕೆ ಹೋದ್ರು. ಬೇರೆ ಟೀಮ್ ಸೇರ್ತೀನಿ ಅಂತಿದ್ದ ಲೆಫ್ಟ್ ಬ್ಯಾಕು ಅದೇ ಸಂಬಳಕ್ಕೆ ಉಳ್ಕೊಂಡ. ಮುಂಚೆ ಹುಡುಗ್ರು ಕೈಕೊಟ್ಟಾಗೆಲ್ಲ ಗೆಸ್ಟ್ ಪ್ಲೇಯರ್ ಕರ್ಸಿ ಸೀಸನ್ನಿಗೆ ನಲವತ್ತು ಸಾವಿರದ ಹತ್ರ ಸುರೀತಿದ್ದೆ, ಈಗ ಹತ್ತೂ ಆಗಲ್ಲ. ಸ್ಟ್ರೈಕರ್ ಎರಡು ವಾರ ಮುನಿಸ್ಕೊಂಡಿದ್ದ, ಆಮೇಲೆ ನಾನು ಗ್ರೌಂಡಿಗೆ ಹೋಗೋಕ್ ಮುಂಚೆ ಅವನೇ ಶೂ ಕಟ್ಕೊಂಡು ಕೂತಿರೋನು. ಈ ಸಲ ಫೈನಲ್ ಆಡಿದ್ವಿ, ಸ್ಪಾನ್ಸರೂ ವಾಪಸ್ ಬಂದ್ರು, ಜೆರ್ಸಿ ಮೇಲೆ ಈಗ ಬರೀ ರೆಸ್ಟೋರೆಂಟ್ ಹೆಸರು.

ಕಮಿಟಿಯೋರಿಗೆ ಇವತ್ತಿಗೂ ಹಿಡಿಸದೇ ಇರೋದು ಕೊನೇ ರೂಲು. ಹುಡುಗ ಹತ್ತು ನಿಮಿಷ ಲೇಟಾದ್ರೆ ಫೈನು, ಕ್ಲಬ್ಬು ಸಂಬಳನ ಇಪ್ಪತ್ತು ದಿನ ಲೇಟ್ ಮಾಡಿದ್ರೆ "ಅಡ್ಜಸ್ಟ್ ಮಾಡ್ಕಳ್ರಪ್ಪ". ಫಿಫಾ ರೂಲಲ್ಲೂ ಎರಡು ತಿಂಗಳ ಸಂಬಳ ಬಾಕಿ ಬೀಳ್ಬೇಕು, ಆಮೇಲೆ ನೋಟಿಸ್ ಕೊಟ್ಟು 15 ದಿನ ಕಾಯ್ಬೇಕು, ಆಗ ಪ್ಲೇಯರ್ ಕಾಂಟ್ರ್ಯಾಕ್ಟ್ ಮುರೀಬಹುದು. ನಾನು ಅದೇ ರಿಜಿಸ್ಟರಲ್ಲಿ ಕ್ಲಬ್ಬಿಗೂ ಒಂದು ಪೇಜ್ ತೆಗ್ದೆ, ಹತ್ತನೇ ತಾರೀಖು ದಾಟಿದ್ರೆ ಬಾಕಿ ಸಂಬಳದ ಮೇಲೆ ನೂರಕ್ಕೆ 3, ಹುಡುಗ್ರಿಗೇ ಹೋಗುತ್ತೆ. ಮೊದಲನೇ ಸಲ ಆರೇಳು ಸಾವಿರ ಕಟ್ಬೇಕಾಯ್ತು, ಖಜಾಂಚಿ ಇದು ಸಂಘದ ಖರ್ಚಲ್ಲ ಅಂತ ವೋಚರಿಗೆ ಸೈನ್ ಹಾಕ್ಲಿಲ್ಲ, ನನ್ನ ಜೇಬಿಂದ ಕೊಟ್ಟೆ. ಆ ವೋಚರ್ ಇನ್ನೂ ಪೆಂಡಿಂಗಲ್ಲೇ ಇದೆ, ಮುಂದಿನ ಜನರಲ್ ಬಾಡಿಗೆ ಇಡ್ತೀನಿ.

ಗೆಸ್ಟ್ ಪ್ಲೇಯರ್‌ಗಳಿಗೆ ಮಾತ್ರ ಇದು ಇನ್ನೂ ಕೂರ್ತಿಲ್ಲ. ಎರಡು ಮ್ಯಾಚಿಗೆ ಬಂದು ಹೋಗೋನಿಗೆ ತಿಂಗಳ ಡಬ್ಬ ತೆಗೆಯೋವರೆಗೂ ಕಾಯೋಕಾಗಲ್ಲ. ಅವ್ರಿಗೆ ಮ್ಯಾಚ್ ಫೀಸಲ್ಲಿ ಅರ್ಧ ಹಿಡ್ಕೊಂಡು ಕೊನೇಲಿ ಕೊಡೋದು ಅಂತ ಟ್ರೈ ಮಾಡ್ತಿದೀನಿ, ಬೇರೆ ಯಾರಾದ್ರೂ ಇದಕ್ಕೆ ದಾರಿ ಕಂಡುಕೊಂಡಿದ್ರೆ ಹೇಳಿ, ಬದಲಿಗೆ ರೇಟ್ ಕಾರ್ಡಿನ ಝೆರಾಕ್ಸ್ ಕೊಡ್ತೀನಿ. ಡಮ್ಮಿ ಚೀಟಿ ಬಗ್ಗೆ ಕೇಳ್ಬೇಡಿ.