‘ನಂದು ನರ ಸಿಗಂಗಿಲ್ರಿ’

ಕಲಬುರಗಿಯ ಒಂದು ಲ್ಯಾಬಿನಾಗ ರಕ್ತ ತೆಗಿಯೋ ಕೆಲ್ಸ ನಂದು. ಬರೋರು ಅರ್ಧಕ್ಕರ್ಧ ಮಂದಿ ‘ನಂದು ನರ ಸಿಗಂಗಿಲ್ರಿ’ ಅಂತಾನೇ ಕೈ ಚಾಚ್ತಾರ, ಖರೇ ಅಂದ್ರ ಅದು ನರ ಅಲ್ಲ, ನರದಾಗ ರಕ್ತ ಎಲ್ಲಿಂದ ಬರ್ಬೇಕು, ಅದು ಅಭಿಧಮನಿ, ಮೈಯೆಲ್ಲಾ ತಿರುಗಿ ಹೃದಯಕ್ಕ ವಾಪಸ್ ಹೊಂಟ ರಕ್ತದ ದಾರಿ. ಆದ್ರ ನಾನೂ ದಿನಾ ನರ ಅಂತೀನಿ ಬಿಡ್ರಿ.

ಡಿಪ್ಲೊಮಾದಾಗ ಧಮನಿ, ಅಂದ್ರ ಹೃದಯದಿಂದ ರಕ್ತ ಹೊರಗ ಒಯ್ಯೋ ದಾರಿ, ಕೆಂಪು, ಅಭಿಧಮನಿ ನೀಲಿ ಅಂತ ಚಿತ್ರ ಬರ್ದು ಪಾಸಾದೆ. ಕೆಲ್ಸಕ್ಕ ಬಂದ ಹೊಸದ್ರಾಗ ಒಮ್ಮೆ ಮೊಣಕೈ ಒಳಮಗ್ಗಲಿಗೆ ಸ್ವಲ್ಪ ಆಳಕ್ಕ ಚುಚ್ಚಿಬಿಟ್ಟೆ ನೋಡ್ರಿ, ನಾ ಎಳಿಯೂದ್ರಾಗೇ ತಿಳಿಗೆಂಪು ರಕ್ತ ಧಕ್ ಧಕ್ ಅಂತ ತಾನೇ ಸಿರಿಂಜಿಗೆ ನುಗ್ತು. ಧಮನಿ! ಸೂಜಿ ತೆಗ್ದು ಹತ್ತು ನಿಮಿಷ ಒತ್ತಿ ಹಿಡ್ದೆ, ಪೇಷಂಟ್ ಸುಮ್ಮ ಕುಂತಿದ್ದ, ಕೈ ನಡುಗಿದ್ದು ನಂದು. ಬಿಪಿದಾಗ ಬರಿಯೋ 120 ಅಂದ್ರ ಧಮನಿಯಾಗ ಎಷ್ಟು ಜೋರು ಒತ್ತಡ ಅಂತ ಅವತ್ತು ತಿಳೀತು. ಈಗ ಮೊದ್ಲ ಬೆರಳಿಟ್ಟು ನೋಡ್ತೀನಿ, ಬಡೀತಿದ್ರ ಅದರ ತಂಟೆಗೇ ಹೋಗಂಗಿಲ್ಲ, ಒತ್ತಿದ್ರ ತಗ್ಗಿ ಮತ್ತ ಪುಟಿದ್ರ ಅದೇ ನಂದು.

ರಕ್ತ ತೆಗಿಯೋಕ ಮುಂಚೆ ತೋಳಿಗೆ ಪಟ್ಟಿ ಕಟ್ಟೂದ್ರಾಗೂ ಲೆಕ್ಕ ಅದ. ಕಟ್ಟಿದ್ಮ್ಯಾಲೂ ಮಣಿಕಟ್ಟಿನಾಗ ನಾಡಿ ಸಿಗ್ಬೇಕು. ಧಮನಿ ರಕ್ತ ತರ್ಲಿ, ವಾಪಸ್ ಹೋಗೋ ದಾರಿ ಅಷ್ಟೇ ಬಂದ್ ಆಗ್ಲಿ, ಆಗ ಉಬ್ತದ. 1628ರ ತನ್ನ ಪುಸ್ತಕದಾಗ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ತೋಳಿಗೆ ಹಿಂಗೇ ಪಟ್ಟಿ ಕಟ್ಟಿ ರಕ್ತ ಒಂದೇ ದಿಕ್ಕಿಗೆ ಹೋಗ್ತದಂತ ತೋರ್ಸಿದ್ದ. ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ನಾ ಬಿಡಂಗಿಲ್ಲ, ರಿಪೋರ್ಟ್ ಕೆಡ್ತದ.

ಈ ಮೇದಾಗ ಜೇವರ್ಗಿ ಕಡೆ ಒಬ್ಬ ಮುತ್ಯಾ ಬಂದಿದ್ದ. ಹೊಲದಾಗ ದುಡ್ದ ಕೈ, ನರ ಹಗ್ಗದಂಗ ಎದ್ದು ಕಾಣ್ತಿದ್ವು, ಆದ್ರ ಸೂಜಿ ಹತ್ರ ಒಯ್ದ್ರ ಆಕಡೆ ಈಕಡೆ ಉರುಳ್ತಾವ, ವಯಸ್ಸಾದೋರಿಗೆ ಹಂಗೇ. ಮ್ಯಾಲ ಖಾಲಿ ಹೊಟ್ಟಿ ಟೆಸ್ಟ್ ಅಂತ ನೀರೂ ಕುಡ್ದಿಲ್ಲ. ಒಂದು ಚೊಂಬು ನೀರು ಕುಡ್ಸಿದೆ, ಕೈ ಇಳಿಬಿಟ್ಟು ಕೂಡ್ಸಿದೆ.

‘ಯವ್ವಾ, ಈ ಗಂಟು ಏನು?’

‘ಬಾಗಲಾ ಅದ ಮುತ್ಯಾ, ರಕ್ತ ಕೆಳಗ ವಾಪಸ್ ಬರದಂಗ.’ ಅಲ್ಲಿ ಚುಚ್ಚಿದ್ರ ಸೂಜಿ ತಡೀತದ, ಅದಕ್ಕ ಗಂಟು ಬಿಟ್ಟು, ಕೆಳಗಿನ ಚರ್ಮ ಹೆಬ್ಬೆರಳಿಂದ ಜಗ್ಗಿ ಹಿಡ್ದು, ಸಣ್ಣ ಬಟರ್‌ಫ್ಲೈ ಸೂಜಿ ಹಾಕ್ದೆ. ಕಡುಗೆಂಪು ರಕ್ತ ನಿಧಾನಕ್ಕ ಟ್ಯೂಬಿಗೆ ಇಳೀತು.

ಹತ್ತಿ ಇಟ್ಟು ಒತ್ತಿಕೋ ಅಂದೆ. ‘ಈಗರ ಚಾ ಕುಡೀಲೇನವ್ವಾ?’ ಅಂದ.