ಜಡ್ಜ್ ಕೈ ಹಾಕಿದರೂ ಕದಲದ ಮುಧೋಳ: ನನ್ನ ಅನುಭವ

ಮುಧೋಳ ನಾಯಿ ಡಾಗ್ ಶೋ (ನಾಯಿ ಪ್ರದರ್ಶನ) ರಿಂಗಿನಲ್ಲಿ ನಿಲ್ಲೋದಿಲ್ಲ ಅನ್ನೋದು ನಮ್ಮ ಕಡೆ ಮೊದಲಿಂದ ಇರುವ ಮಾತು. ಓಡಿಸಿದರೆ ಚೆನ್ನಾಗಿ ಓಡುತ್ತದೆ. ಜಡ್ಜ್ ಹತ್ತಿರ ಬಂದು ಹಲ್ಲು ನೋಡಲು ಕೈ ಚಾಚಿದರೆ ಸಾಕು, ಬಾಲ ಹೊಟ್ಟೆಗೆ ಅಂಟುತ್ತದೆ, ಬೆನ್ನು ಬಿಲ್ಲಾಗುತ್ತದೆ, ನಾಯಿ ಹ್ಯಾಂಡ್ಲರ್ (ರಿಂಗಿನಲ್ಲಿ ಹಿಡಿದು ಓಡಿಸುವವರು) ಕಾಲಿನ ಹಿಂದೆ ಹೋಗಿ ನಿಲ್ಲುತ್ತದೆ. ಟಾಪ್‌ಲೈನ್ (ಬೆನ್ನಿನ ಗೆರೆ) ಎಷ್ಟು ಚೆಂದ ಇದ್ದರೇನು, ಕಾಣಬೇಕಲ್ಲ. ನಾನು ಇದಕ್ಕೆ ಕೈ ಹಾಕಿದಾಗ ನಮ್ಮೂರಿನ ಹಿರಿಯರೊಬ್ಬರು, "ತಮ್ಮಾ, ಇದು ಬ್ಯಾಟಿ ನಾಯಿ. ಕಂಡಕಂಡವರ ಕೈಯಾಗ ಮೈ ಕೊಟ್ಟು ನಿಂತ್ರ ಅದು ಮುಧೋಳ ಅಲ್ಲೇ ಅಲ್ಲ" ಅಂದಿದ್ದರು. ಈಗ ನಮ್ಮ ಮನೆಯಲ್ಲಿ ಮೂರು ಸೂಲು ಆಗಿವೆ, ಮೂರನೆಯದರ ಮರಿಗಳು ರಿಂಗಿನಲ್ಲಿ ನಿಂತಿವೆ, ಒಂದು ಹೆಣ್ಣು ಚಾಲೆಂಜ್ ಸರ್ಟಿಫಿಕೇಟ್ (ಚಾಂಪಿಯನ್ ಪಟ್ಟಕ್ಕೆ ಬೇಕಾದ ಪ್ರಮಾಣಪತ್ರ) ತಂದಿದೆ. ಅದೇ ಹಿರಿಯರು ಹೋದ ವರ್ಷ ಮೊಮ್ಮಗನನ್ನು ಕಳಿಸಿ "ಅಂವ ಹೆಂಗ ಮಾಡ್ತಾನ ನೋಡ್ಕೊಂಡ ಬಾ" ಅಂದರಂತೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಸ್ಟ್ಯಾಕ್ ಮಾಡುವುದು (ನಾಲ್ಕೂ ಕಾಲು ಸರಿಯಾಗಿ ಇಟ್ಟು ನಿಲ್ಲಿಸುವುದು), ತ್ರಿಕೋನದಲ್ಲಿ ಓಡಿಸುವುದು, ಶೋ ಲೀಡ್ (ಕುತ್ತಿಗೆಯ ಹಗ್ಗ) ಎಲ್ಲಿ ಹಿಡಿಯಬೇಕು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಹೇಳುತ್ತೇನೆ. ಒಂದು ವರ್ಷದ ಗಂಡು, ಹತ್ತಿರ ಹತ್ತಿರ ಇಪ್ಪತ್ತೈದು ಸಾವಿರ ಕೊಟ್ಟು ತಂದದ್ದು. ಎತ್ತರ, ಎದೆ, ಕಾಲು ಎಲ್ಲ ನೋಡುವಂತಿತ್ತು. ಅದನ್ನು ನಗರದ ಟ್ರೇನರ್ ಒಬ್ಬರ ಹತ್ತಿರ ಎರಡು ತಿಂಗಳು ಬಿಟ್ಟೆ, ತಿಂಗಳಿಗೆ ಎಂಟೋ ಒಂಬತ್ತೋ ಸಾವಿರ. ವಾಪಸ್ ಬಂದಾಗ ಆ ಟ್ರೇನರ್ ಮುಂದೆ ಶಿಲೆಯಂತೆ ನಿಲ್ಲುತ್ತಿತ್ತು, ಬೇರೆಯವರು ಬಂದರೆ ಮತ್ತೆ ಅದೇ ಬಿಲ್ಲು. ಆಮೇಲೆ ವೃತ್ತಿಪರ ಹ್ಯಾಂಡ್ಲರ್: ಒಂದು ಶೋಗೆ ಮೂರು ನಾಲ್ಕು ಸಾವಿರ, ಅವರ ರೂಮು, ಊಟ, ಎಂಟ್ರಿ ಫೀ, ನನ್ನ ಗಾಡಿಯ ಡೀಸೆಲ್ ಬೇರೆ. ಲಿವರ್ ಹುರಿದು ಕೊಡಿ ಅಂದರು. ಹೆದರಿದ ನಾಯಿ ತಿನ್ನುವುದೇ ಇಲ್ಲ. ಬಾಯಿಗೆ ಇಟ್ಟ ಲಿವರ್ ಉಗುಳಿ ಗೇಟಿನ ಕಡೆ ನೋಡುತ್ತಿತ್ತು.

ಇನ್ನೊಬ್ಬರು "ಶಾಂತ ಆಗೋ ಗುಳಿಗಿ" ತಂದುಕೊಟ್ಟರು. ಅದನ್ನು ನಾನು ಕೊಡಲಿಲ್ಲ, ನೀವೂ ಕೊಡಬೇಡಿ. ಶೋ ನಿಯಮಕ್ಕೆ ವಿರುದ್ಧ ಅನ್ನೋದು ಒಂದು ಕಡೆ ಇರಲಿ, ನಮ್ಮ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ. ಇಂಥ ಓಡುವ ಬೇಟೆ ಹೌಂಡ್‌ಗಳಲ್ಲಿ ಕೆಲವು ಮತ್ತಿನ ಔಷಧಿಗಳು ಬೇಗ ಇಳಿಯುವುದಿಲ್ಲ. ಆಪರೇಷನ್ ಇದ್ದರೂ ಡಾಕ್ಟರಿಗೆ "ಇದು ಬೇಟೆ ಹೌಂಡ್, ನೋಡಿ ಕೊಡಿ" ಅಂತ ಮೊದಲೇ ಹೇಳಿ.

ಹಿರಿಯರ ಮಾತು ಪೂರ್ತಿ ಸುಳ್ಳೂ ಅಲ್ಲ. ತೋಟ ಕಾಯುವ ನಾಯಿ ಅಪರಿಚಿತರಿಗೆ ಮೈ ಕೊಡಬಾರದು ಅಂತಲೇ ನಮ್ಮವರು ತಲೆತಲಾಂತರ ಆರಿಸಿಕೊಂಡು ಬಂದಿದ್ದಾರೆ. ಆದರೆ ರಕ್ತ ಅರ್ಧ, ಸಾಕಿದ ರೀತಿ ಅರ್ಧ. ನಮ್ಮ ಮರಿಗಳು ಹುಟ್ಟುವುದು ತೋಟದ ಮನೆಯಲ್ಲಿ. ಮನೆಯ ನಾಲ್ಕು ಜನ, ಎರಡು ಎಮ್ಮೆ, ಕಬ್ಬಿನ ಗದ್ದೆ, ಇಷ್ಟೇ ಅವುಗಳ ಲೋಕ. ಮೂವತ್ತೈದನೇ ದಿನಕ್ಕೆ ಗಿರಾಕಿ ಬಂದು ಎತ್ತಿಕೊಂಡು ಹೋಗಿ ಸರಪಳಿಗೆ ಕಟ್ಟುತ್ತಾನೆ. ನಾಯಿಮರಿ ಮನುಷ್ಯರನ್ನು ಕಲಿಯುವ ಕಾಲ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ. ಆ ಕಾಲ ಕಳೆದ ಮೇಲೆ ಟ್ರೇನರ್‌ಗೆ ಲಕ್ಷ ಸುರಿದರೂ ಅಷ್ಟಕ್ಕಷ್ಟೆ. ನನಗೆ ಇದು ಹೊಳೆಯಲು ಒಂದು ಕಾರಣ, ನಮ್ಮ ಮುಧೋಳಗಳನ್ನು ಸೈನ್ಯದವರು ತರಬೇತಿಗೆ ಮೀರತ್‌ಗೆ ಒಯ್ದಾಗ ಮರಿಗಳನ್ನೇ ಒಯ್ದದ್ದು.

ಹೀಗಾಗಿ ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ರಕ್ತ ಇರುವ ಒಂದು ಹೆಣ್ಣು ಇಟ್ಟುಕೊಂಡೆ, ಹೆಸರು ಗೌರಿ. ಗಂಡನ್ನು ಆರಿಸುವಾಗ ಬಣ್ಣ ನೋಡಲಿಲ್ಲ. ಮಾಲೀಕ ಮನೆಯಲ್ಲಿ ಇಲ್ಲದಾಗ ಹೋಗಿ, ಹೊಸಬರು ಬಂದರೆ ಆ ನಾಯಿ ಏನು ಮಾಡುತ್ತದೆ ನೋಡಿದೆ. ಬೊಗಳಿ, ಆಮೇಲೆ ಹತ್ತಿರ ಬಂದು ಮೂಸುವ ಗಂಡು ಬೇಕು. ಬೊಗಳುತ್ತಾ ಹಿಂದೆ ಹಿಂದೆ ಸರಿಯುವುದು ಬೇಡ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ನಮ್ಮ ನಾಯಿಯ ಹೆಸರು ಹೇಳಿದ ಮೇಲೆ ಬೇಡಿಕೆ ಏರಿ, ಸಿಕ್ಕ ಸಿಕ್ಕ ಗಂಡಿಗೆ ಕ್ರಾಸ್ ಮಾಡಿಸಿದವರು ಬಹಳ. ಹಿಂಜರಿಕೆಯ ನಾಯಿಗಳು ಆಗ ಇನ್ನೂ ಜಾಸ್ತಿ ಆದವು ಅಂತ ನನ್ನ ಅಂದಾಜು.

ಮರಿಗಳಿಗೆ ಇಪ್ಪತ್ತೊಂದು ದಿನ ಆದ ಮೇಲೆ ನನ್ನ ಕೆಲಸ ಶುರು. ದಿನಕ್ಕೆ ಒಬ್ಬ ಹೊಸ ಮನುಷ್ಯನಾದರೂ ಪ್ರತಿ ಮರಿಯನ್ನು ಮುಟ್ಟಬೇಕು. ಡೇರಿಗೆ ಹಾಲು ಹಾಕಲು ಹೋಗುವವರು, ಕಬ್ಬು ಕಡಿಯುವ ಗ್ಯಾಂಗಿನವರು, ಕೊರಿಯರ್ ಹುಡುಗ, ಚೀಲ ಹಿಡಿದ ಆಶಾ ಕಾರ್ಯಕರ್ತೆ, ಯಾರು ಬಂದರೂ ಬಿಡುವುದಿಲ್ಲ. ಮರಿಯನ್ನು ಸ್ಟೂಲ್ ಮೇಲೆ ನಿಲ್ಲಿಸಿ, ತುಟಿ ಎತ್ತಿ ಒಸಡು ನೋಡಬೇಕು, ಕುತ್ತಿಗೆಯಿಂದ ಬಾಲದ ಬುಡದವರೆಗೆ ಕೈ ಎಳೆಯಬೇಕು, ನಾಲ್ಕೂ ಪಾದ ಹಿಡಿಯಬೇಕು, ಗಂಡಾದರೆ ವೃಷಣವನ್ನೂ ಮುಟ್ಟಬೇಕು. ಎಲ್ಲ ಸೇರಿ ಒಂದು ನಿಮಿಷ. ಮುಗಿದ ಮೇಲೆ ಬೇಯಿಸಿದ ಮೊಟ್ಟೆಯ ಚೂರನ್ನು ಆ ಹೊಸಬರೇ ಕೊಡಬೇಕು. ನಾನು ಕೊಡಬಾರದು. ಗುಟ್ಟು ಇರುವುದು ಇಲ್ಲೇ. ನನ್ನ ಕೈಯಿಂದ ತಿಂದರೆ ಮರಿ ನನ್ನನ್ನೇ ನಂಬುತ್ತದೆ.

ಈ ಹೊತ್ತಿನಲ್ಲಿ ತಾಯಿ ಅಲ್ಲಿ ಇರಬಾರದು. ಗೌರಿ ಒಳ್ಳೆಯವಳೇ, ಆದರೂ ಹೊಸಬರು ಮರಿ ಎತ್ತಿದರೆ ಗುರ್ ಅನ್ನುತ್ತಾಳೆ. ಆ ಒಂದು ಗುರ್ ಕೇಳಿದ ಮರಿಗೆ ನನ್ನ ವಾರದ ಕೆಲಸ ಹಾಳು. ಗೌರಿಯನ್ನು ಆಗ ಎಲ್ಲಿ ಇಡುತ್ತೇನೆ, ಹೇಗೆ ಸುಮ್ಮನಿರಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಬಂದು ನೋಡಿದವರಿಗೆ ತೋರಿಸಿದ್ದೇನೆ.

ಎರಡನೇ ಸೂಲಿನ ಮರಿಗಳು ಊರವರ ಮುಂದೆಲ್ಲ ಚೆನ್ನಾಗಿ ನಿಂತು, ಶೋನಲ್ಲಿ ಮಾತ್ರ ಕುಗ್ಗಿದವು. ಒಂದು ದಿನ ಪೂರ್ತಿ ತಲೆಕೆಡಿಸಿಕೊಂಡೆ. ಆಮೇಲೆ ಹೊಳೆದದ್ದು: ನಮ್ಮ ಮರಿಗಳು ಕೋಟು ಹಾಕಿದ ಮನುಷ್ಯನನ್ನು ಕಂಡೇ ಇಲ್ಲ. ಧೋತರ, ಗಾಂಧಿ ಟೊಪ್ಪಿಗೆ, ಲುಂಗಿ ಎಲ್ಲ ಗೊತ್ತು. ಕೋಟು, ಟೈ, ಬೂಟು, ಮೇಲೆ ಸೆಂಟಿನ ವಾಸನೆ ಗೊತ್ತಿಲ್ಲ. ಭಾವನ ಮದುವೆ ಸೂಟು ತಂದು ಬಾಗಿಲ ಹಿಂದೆ ನೇತುಹಾಕಿದೆ. ಬಂದವರೆಲ್ಲ ಅದನ್ನು ಹಾಕಿಕೊಂಡು, ಎರಡು ಹನಿ ಸೆಂಟು ಬಡಿದುಕೊಂಡು ಮರಿ ಮುಟ್ಟಬೇಕು. ಕಬ್ಬು ಕಡಿಯುವ ಮೇಸ್ತ್ರಿ ಸೂಟು ಹಾಕಿ ಕನ್ನಡಿ ಮುಂದೆ ಹತ್ತು ನಿಮಿಷ ನಿಂತದ್ದು ಬೇರೆ ಕಥೆ. ಕಪ್ಪು ಕನ್ನಡಕ, ಹ್ಯಾಟು, ಬಳೆ ಸದ್ದು ಕೂಡ ಸೇರಿಸಿದೆ. ಮೂರನೇ ಸೂಲಿನಲ್ಲಿ ಫಲಿತಾಂಶ ಬಂತು. ಭಾವ ಸೂಟು ಇನ್ನೂ ವಾಪಸ್ ಕೇಳುತ್ತಲೇ ಇದ್ದಾರೆ.

ಸದ್ದಿಗೆ ನಮ್ಮ ಕಡೆ ಖರ್ಚಿಲ್ಲ. ಕಾರ್ಖಾನೆ ಶುರುವಾದರೆ ಎರಡು ಟ್ರೇಲರ್ ಕಟ್ಟಿಕೊಂಡು, ಡೆಕ್ ಹಾಕಿ ಹಾಡು ಕೂಗಿಸುತ್ತಾ ಕಬ್ಬಿನ ಟ್ರ್ಯಾಕ್ಟರ್ ರಾತ್ರಿ ಹಗಲು ಓಡುತ್ತವೆ. ಟೊಮೆಟೊ ಕ್ರೇಟಿನಲ್ಲಿ ಮರಿಗಳನ್ನು ಇಟ್ಟು ಮೊದಲು ರಸ್ತೆಯಿಂದ ದೂರ, ದಿನಾ ಸ್ವಲ್ಪ ಹತ್ತಿರ. ಆ ಡೆಕ್ ಸದ್ದು ಕೇಳಿ ನಿದ್ದೆ ಮಾಡಿದ ಮರಿಗೆ ಶೋ ಮೈದಾನದ ಮೈಕು ಏನೂ ಅಲ್ಲ.

"ಇಷ್ಟು ಜನ ಮುಟ್ಟಿದರೆ ಪಾರ್ವೊ (ಮರಿಗಳ ಪ್ರಾಣ ತೆಗೆಯುವ ವಾಂತಿ-ಭೇದಿ ರೋಗ) ಬರೋದಿಲ್ಲವೇ?" ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೇ ಕ್ರೇಟು. ಲಸಿಕೆ ಮುಗಿಯುವವರೆಗೆ ನಮ್ಮ ಅಂಗಳ ಬಿಟ್ಟು ಹೊರಗಿನ ನೆಲಕ್ಕೆ ಮರಿಯ ಕಾಲು ತಾಗಬಾರದು. ಸಂತೆಗೆ ಒಯ್ದರೂ ಬೈಕಿನ ಮೇಲೆ ಕ್ರೇಟಿನಲ್ಲೇ. ಬಂದವರ ಚಪ್ಪಲಿ ಗೇಟಿನ ಹೊರಗೆ, ಕೈಗೆ ಸೋಪು, ಕಾಲಿಗೆ ಬ್ಲೀಚಿಂಗ್ ಪೌಡರ್ ನೀರು. ಫಿನಾಯಿಲ್‌ಗೆ ಪಾರ್ವೊ ಸಾಯುವುದಿಲ್ಲ, ಎಷ್ಟೋ ಜನಕ್ಕೆ ಇದು ಇನ್ನೂ ಗೊತ್ತಿಲ್ಲ. ಆರನೇ ವಾರಕ್ಕೆ ಮೊದಲ ಚುಚ್ಚುಮದ್ದು, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಬೂಸ್ಟರ್, ಮೂರು ತಿಂಗಳಿಗೆ ರೇಬೀಸ್.

ಎಂಟರಿಂದ ಹತ್ತನೇ ವಾರದಲ್ಲಿ ಹೊಸದೇನೂ ಮಾಡುವುದಿಲ್ಲ. ಆ ಹೊತ್ತಿಗೆ ಮರಿಗೆ ಒಂದು ಅಂಜಿಕೆಯ ಕಾಲ ಬರುತ್ತದೆ, ಆಗ ಬೆದರಿದ್ದು ಬಹಳ ದಿನ ಉಳಿಯುತ್ತದೆ. ಗೊತ್ತಿರುವ ಜನ, ಗೊತ್ತಿರುವ ಜಾಗ, ಅಷ್ಟೆ. ಅದಾದ ಮೇಲೆ ಮತ್ತೆ ಹೊಸ ಮುಖ.

ಇದರ ನಡುವೆ ಕೆಲವು ಆಟ ಆಡಿದೆ. ಮೂರನೇ ದಿನದಿಂದ ಹದಿನಾರನೇ ದಿನದವರೆಗೆ ಮರಿಯನ್ನು ಕೆಲವೇ ಸೆಕೆಂಡು ತಲೆಕೆಳಗೆ ಹಿಡಿಯುವುದು, ಒದ್ದೆ ಬಟ್ಟೆ ಮೇಲೆ ಇಡುವುದು, ಬೆರಳ ಸಂದಿ ಕೆರೆಯುವುದು ಅಂತ ಅಮೆರಿಕದ ಒಂದು ಪದ್ಧತಿ ಇದೆಯಲ್ಲ, ಮಾಡಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಸಲ ಏಳು ಮರಿಗಳಲ್ಲಿ ನಾಲ್ಕಕ್ಕೆ ಕೆಂಪು ಉಣ್ಣೆ ದಾರ ಕಟ್ಟಿ ಹೊರಗಿನವರಿಂದ ಮುಟ್ಟಿಸಿ, ಉಳಿದ ಮೂರನ್ನು ಮನೆಯವರೇ ಸಾಕಿದೆವು. ನಾಲ್ಕು ತಿಂಗಳಿಗೆ ದಾರದ ಮರಿಗಳಲ್ಲಿ ಮೂರು ನಿಂತವು. ದಾರ ಇಲ್ಲದ್ದರಲ್ಲೂ ಒಂದು ತಾನಾಗಿ ನಿಂತಿತು, ಹುಟ್ಟಿನಿಂದಲೇ ಧೈರ್ಯದ್ದು. ಮರಿಯ ತಂದೆ ತಾಯಿಯನ್ನು ನೋಡಿ ಆರಿಸುವುದೂ ಬೇಕು ಅಂದದ್ದು ಇದಕ್ಕೇ. ಮಣ್ಣಿನಲ್ಲಿ ಬೆಳೆದ ಮರಿ ಹಸಿರು ಕಾರ್ಪೆಟ್ ಮೇಲೆ ಕಾಲು ಎತ್ತೆತ್ತಿ ಇಡುತ್ತಿತ್ತು, ಅದಕ್ಕೆ ಶಾಮಿಯಾನದವರ ಹತ್ತಿರ ಹರಿದ ಕಾರ್ಪೆಟ್ ಐದಾರು ನೂರಕ್ಕೆ ಕೊಂಡು ಅಂಗಳದಲ್ಲಿ ಹಾಸಿದೆ. ತಿನಿಸಿನಲ್ಲೂ ಪ್ರಯೋಗ ಆಯಿತು. ಪೂರ್ತಿ ಪೆಲೆಟ್ (ಅಂಗಡಿಯ ಒಣ ತಿನಿಸು) ಮೇಲೆ ಒಂದು ಗಂಡು ಮೂವತ್ತು ಕಿಲೋ ದಾಟಿ, ನಡಿಗೆಯೇ ಹೋಯಿತು. ಈಗ ಬೆಳಿಗ್ಗೆ ಪೆಲೆಟ್, ಸಂಜೆ ಜೋಳದ ನುಚ್ಚು, ಮಜ್ಜಿಗೆ, ಮೊಟ್ಟೆ ಅಥವಾ ಕೋಳಿ. ಹಿಂದಿನ ಪಕ್ಕೆಲುಬು ತೆಳುವಾಗಿ ಕಾಣಬೇಕು, ಪೇಟೆಯವರು "ಊಟ ಹಾಕಲ್ವಾ?" ಅಂದರೆ ಅನ್ನಲಿ.

ಲೆಕ್ಕಕ್ಕೆ ಬರುತ್ತೇನೆ. ಎಂಟು ವಾರದೊಳಗಿನ ಮರಿ ಮಾರಬಾರದು ಅಂತ 2017ರ ನಿಯಮವೇ ಇದೆ, ಆದರೂ ಗಿರಾಕಿ ಮೂವತ್ತೈದನೇ ದಿನಕ್ಕೇ ಹತ್ತು ಸಾವಿರ ಹಿಡಿದು ಗೇಟಿಗೆ ಬರುತ್ತಾನೆ. ನಾನು ಹನ್ನೆರಡು ವಾರ ಇಟ್ಟುಕೊಳ್ಳುತ್ತೇನೆ. ಊಟ, ಜಂತುಹುಳದ ಔಷಧಿ, ಲಸಿಕೆ, ಮೈಕ್ರೋಚಿಪ್, ಕೆನಲ್ ಕ್ಲಬ್ ಆಫ್ ಇಂಡಿಯಾ (ಕೆಸಿಐ) ಕಾಗದ (ಅಲ್ಲಿ ಮುಧೋಳವನ್ನು ಕ್ಯಾರವಾನ್ ಹೌಂಡ್ ಅಂತಲೇ ಬರೆಸಬೇಕು) ಎಲ್ಲ ಸೇರಿ ಮರಿಗೆ ಐದಾರು ಸಾವಿರ ಮೇಲೇ ಬೀಳುತ್ತದೆ. ಮೊದಲ ಸೂಲಿನಲ್ಲಿ ಕೈಯಿಂದ ಹೋಯಿತು. "ಎಮ್ಮಿ ಕಟ್ಟಿದ್ರ ದಿನಾ ಹಾಲರ ಬರ್ತಿತ್ತು" ಅಂತ ನಮ್ಮ ಮನೆಯವರು ಅಂದದ್ದು ಆಗಲೇ. ಎರಡನೆಯದು ಅಲ್ಲಿಗಲ್ಲಿಗೆ ಸರಿಹೋಯಿತು. ಮೂರನೆಯದರಲ್ಲಿ ಶೋ ಗುಣದ ಎರಡು ಮರಿ ಇಪ್ಪತ್ತೈದು ಸಾವಿರದ ಹತ್ತಿರ ಹೋದವು, ಉಳಿದವು ಹದಿನೈದರ ಆಸುಪಾಸು. ಮನೆಯವರು ಈಗ ಎಮ್ಮೆ ಮಾತು ಎತ್ತುವುದಿಲ್ಲ.

ಹ್ಯಾಂಡ್ಲರ್ ಖರ್ಚೂ ಉಳಿಯಿತು, ಮಗನೇ ಓಡಿಸುತ್ತಾನೆ. ಶೋ ದಿನ ಎರಡು ತಾಸು ಮೊದಲೇ ಹೋಗಿ ನಾಯಿಗೆ ಮೈದಾನ ಮೂಸಲು ಬಿಡುತ್ತೇವೆ. ಉಗುರು ನಾಲ್ಕು ದಿನ ಮುಂಚೆಯೇ ಕತ್ತರಿಸಿರಬೇಕು. ಮೈಗೆ ಒದ್ದೆ ಬಟ್ಟೆ ಸಾಕು, ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಕೂರುತ್ತದೆ. ಜಡ್ಜ್ ದೂರ ನಿಂತು ನೋಡುವಾಗ ಕಿವಿ ಚುರುಕಾಗಲು ಮಗ ಬಾಯಲ್ಲಿ ಒಂದು ಸದ್ದು ಮಾಡುತ್ತಾನೆ, ಅದು ನಮ್ಮ ಮನೆಯಲ್ಲೇ ಇರಲಿ.

ವರ್ಷ ದಾಟಿದ ನಾಯಿಗೆ ಇದು ನಡೆಯುತ್ತದೆಯೇ ಅಂತ ಫೋನು ಬಹಳ ಬರುತ್ತವೆ. ಪಕ್ಕದ ತಾಲ್ಲೂಕಿನವರೊಬ್ಬರು ಒಂದೂವರೆ ವರ್ಷದ ಗಂಡು ತಂದು ಬಿಟ್ಟಿದ್ದರು. ಆರೇಳು ತಿಂಗಳು ಇದೇ ಸೂಟು, ಇದೇ ಮೊಟ್ಟೆ. ಒಬ್ಬ ಜಡ್ಜ್‌ಗೆ ನಿಂತಿತು, ಮುಂದಿನ ಶೋನಲ್ಲಿ ಗಡ್ಡದ ಜಡ್ಜ್ ಬಂದರು, ಮತ್ತೆ ಕಾಲಿನ ಹಿಂದೆ. "ಅಣ್ಣಾರ, ಇದನ್ನ ತೋಟಕ್ಕ ಬಿಡ್ರಿ" ಅಂದೆ. ಈಗ ಅದು ಅವರ ಮೆಕ್ಕೆಜೋಳದ ಹೊಲದಿಂದ ಹಂದಿ ಓಡಿಸುತ್ತಿದೆ. ಮುಂದಿನ ಸೂಲಿನಲ್ಲಿ ಒಂದು ಹೆಣ್ಣುಮರಿಗೆ ಮುಂಗಡ ಕೊಟ್ಟು ಹೋಗಿದ್ದಾರೆ.